ಮಗು ಬರುವ ಮುನ್ನ ಯಾವುದನ್ನು ಆರಿಸಬೇಕು, ಯಾವುದನ್ನು ಮುಂದೂಡಬಹುದು

ಹೆರಿಗೆಗೆಂದು ವೈದ್ಯರು ಬರೆದುಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೇ. ಉಳಿದವುಗಳಲ್ಲಿ ಹೆಚ್ಚಿನವು 37ರಿಂದ 42ನೇ ವಾರದ ನಡುವೆ ತಮಗೆ ತೋಚಿದ ದಿನ ಬರುತ್ತವೆ. ಆದ್ದರಿಂದ ತಯಾರಿಗೆ 40ನೇ ವಾರವನ್ನು ಗಡುವು ಮಾಡಿಕೊಳ್ಳಬೇಡಿ, 36ನೇ ವಾರಕ್ಕೇ ಮುಖ್ಯವಾದದ್ದೆಲ್ಲ ಮುಗಿದಿರಲಿ. ಹೊಟ್ಟೆಯಲ್ಲಿ ಅವಳಿಗಳಿದ್ದರೆ ಇನ್ನೂ ಕೆಲವು ವಾರ ಮೊದಲೇ.

ಆ ಹೊತ್ತಿಗೆ ಕೈಗೆ ಸಿಗುವ ಪಟ್ಟಿಗಳಲ್ಲಿ ಎಲ್ಲ ವಸ್ತುಗಳಿಗೂ ಒಂದೇ ಸ್ಥಾನ. ಮಗು ಮಲಗುವ ಮಂಚ, ಕಾರಿನ ಸೀಟು, ಒರೆಸುವ ಬಟ್ಟೆಯನ್ನು ಬೆಚ್ಚಗಿಡುವ ಯಂತ್ರ, ಎಲ್ಲದರ ಮುಂದೆಯೂ ಟಿಕ್ ಹಾಕಲು ಒಂದೇ ಗಾತ್ರದ ಚೌಕ. ಮಾರುವವರಿಗೆ ಅದರಿಂದ ಲಾಭವಿದೆ, ಬೆನ್ನುನೋವು ಹಿಡಿದು ಕುಳಿತ ತುಂಬು ಗರ್ಭಿಣಿಗೆ ಇಲ್ಲ. ನಾನಾದರೆ ಪ್ರತಿಯೊಂದು ವಸ್ತುವಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಇದು ಮೊದಲ ದಿನವೇ ಬೇಕೇ? ಆಯ್ಕೆ ತಪ್ಪಿದರೆ ಮಗುವಿನ ಉಸಿರಿಗೋ ಕತ್ತಿಗೋ ಅಪಾಯವಿದೆಯೇ? ಎರಡಕ್ಕೂ ಹೌದೆಂದಾದರೆ ಈಗಲೇ ಕುಳಿತು ಹೋಲಿಸಿ ನೋಡಿ. ಎರಡಕ್ಕೂ ಇಲ್ಲವೆಂದಾದರೆ ಮಗು ಬರಲಿ. ಅದರ ತೂಕ, ಅದರ ಸ್ವಭಾವ, ನಿಮ್ಮ ಮೈ ಚೇತರಿಸಿಕೊಳ್ಳುವ ಬಗೆ ಗೊತ್ತಾದ ಮೇಲೆ ಆರಿಸುವುದು ಸುಲಭ.

ಮಲಗುವ ಜಾಗ

ಹೆಚ್ಚು ಯೋಚನೆ ಮಾಡಬೇಕಾದ ಆಯ್ಕೆ ಇದೇ. ಹಸುಗೂಸು ದಿನದ ಹೆಚ್ಚಿನ ಹೊತ್ತು ನಿದ್ರೆಯಲ್ಲೇ ಇರುತ್ತದೆ, ಮತ್ತು ಅದಕ್ಕೆ ತನ್ನ ತಲೆಯನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಮೂಲ ನಿಯಮ ಚಿಕ್ಕದು: ಬೆನ್ನ ಮೇಲೆ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಅದರ ಮೇಲೆ ಬಿಗಿಯಾಗಿ ಹಾಸಿದ ಬಟ್ಟೆಯನ್ನು ಬಿಟ್ಟು ಬೇರೇನೂ ಇರಬಾರದು. ದಿಂಬು, ಗೊಂಬೆ, ಸಡಿಲ ಹೊದಿಕೆ, ಕಂಬಿಗೆ ಕಟ್ಟುವ ಮೆತ್ತೆ, ಯಾವುದೂ ಬೇಡ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ರೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಎರಡೂ ಕಡೆ ಅರ್ಧಕ್ಕಿಂತ ಕೆಳಗಿಳಿಯಿತು. ಯಾವ ದುಬಾರಿ ಸಲಕರಣೆಯೂ ಮಾಡದ ಕೆಲಸವನ್ನು ಮಲಗಿಸುವ ಭಂಗಿ ಮಾಡಿತು.

ಈ ನಿಯಮವನ್ನು ಅಳತೆಗೋಲಾಗಿ ಇಟ್ಟುಕೊಂಡು ಆಯ್ಕೆಗಳನ್ನು ನೋಡೋಣ. ಬ್ಯಾಸಿನೆಟ್ ಎಂದು ಮಾರುವ ಪುಟ್ಟ ತೊಟ್ಟಿಲು ಹಗುರ. ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬಹುದು, ದೊಡ್ಡವರ ಮಂಚದ ಪಕ್ಕದಲ್ಲೇ ಹಿಡಿಸುತ್ತದೆ. ಆದರೆ ಅದರ ಆಯುಷ್ಯ ಕಡಿಮೆ: ಮಗು ಮಗ್ಗುಲಾಗಲು, ಕೈಯೂರಿ ಏಳಲು ತೊಡಗಿದ ದಿನ, ಅಂದರೆ ನಾಲ್ಕರಿಂದ ಆರು ತಿಂಗಳೊಳಗೆ, ಅದರ ಕೆಲಸ ಮುಗಿಯಿತು. ಕಂಬಿಗಳಿರುವ ದೊಡ್ಡ ಮಂಚ ಎರಡು ಮೂರು ವರ್ಷ ಬಾಳುತ್ತದೆ, ಜಾಗವನ್ನೂ ಅಷ್ಟೇ ತಿನ್ನುತ್ತದೆ. ಮೂರನೆಯದು ದೊಡ್ಡವರ ಮಂಚಕ್ಕೆ ಬಿಗಿಯುವ, ಒಂದು ಬದಿ ತೆರೆದ ಪಕ್ಕದ ಮಂಚ. ರಾತ್ರಿ ಹಾಲೂಡಿಸಲು ಎದ್ದು ನಿಲ್ಲಬೇಕಾಗಿಲ್ಲ, ಕೈ ಚಾಚಿದರೆ ಸಾಕು. ಸಿಸೇರಿಯನ್ ಆದವರಿಗೆ ಈ ಒಂದು ಅನುಕೂಲವೇ ಬೆಟ್ಟದಷ್ಟು, ಏಕೆಂದರೆ ಹೊಲಿಗೆ ಇರುವಾಗ ಮಲಗಿದಲ್ಲಿಂದ ಏಳುವುದೇ ದೊಡ್ಡ ಕಷ್ಟ. ಆದರೆ ಎರಡು ಹಾಸಿಗೆಗಳು ಒಂದೇ ಎತ್ತರದಲ್ಲಿರಬೇಕು, ನಡುವೆ ಬೆರಳಗಲವೂ ಸಂದು ಇರಬಾರದು. ಆ ಸಂದೇ ಅದರ ಅಪಾಯ.

ನನ್ನ ತೀರ್ಪು ಇಷ್ಟು: ಕೋಣೆಯಲ್ಲಿ ಜಾಗವಿದ್ದರೆ ಹಾಸಿಗೆಯ ಎತ್ತರ ಬದಲಿಸಬಹುದಾದ ದೊಡ್ಡ ಮಂಚ ಒಂದನ್ನೇ ತನ್ನಿ. ಮೊದಮೊದಲು ಹಾಸಿಗೆ ಮೇಲಿನ ಹಂತದಲ್ಲಿರಲಿ, ಬಗ್ಗುವುದು ತಪ್ಪುತ್ತದೆ. ಸಿಸೇರಿಯನ್ ನಿಗದಿಯಾಗಿದ್ದರೆ ಅಥವಾ ಕೋಣೆ ಇಕ್ಕಟ್ಟಾಗಿದ್ದರೆ ಪಕ್ಕದ ಮಂಚ ಉತ್ತಮ. ಯಾವುದನ್ನೇ ಕೊಳ್ಳಿ, ಎರಡು ಅಳತೆ ನೋಡದೆ ಮನೆಗೆ ತರಬೇಡಿ. ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಹಾಸಿಗೆಯ ಅಂಚು ಮತ್ತು ಚೌಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು.

ಇಳಿಜಾರಾಗಿ ಮಲಗಿಸುವ ತೊಟ್ಟಿಲುಗಳನ್ನು ನಾನು ಹೋಲಿಕೆಗೇ ಎತ್ತಿಕೊಳ್ಳುವುದಿಲ್ಲ. 10 ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗುವ ಸಲಕರಣೆಗಳನ್ನೂ ಕಂಬಿಯ ಮೆತ್ತೆಗಳನ್ನೂ ಅಮೆರಿಕ 2022ರಲ್ಲಿ ಕಾನೂನು ತಂದು ನಿಷೇಧಿಸಿತು. ಕಾರಣ ಸರಳ: ಹಸುಗೂಸಿನ ತಲೆ ಅದರ ಕತ್ತಿಗೆ ಭಾರ. ಓರೆಯಲ್ಲಿ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿದರೆ ಶ್ವಾಸನಾಳ ಕಿರಿದಾಗುತ್ತದೆ, ಮಗು ಸದ್ದಿಲ್ಲದೆ ಉಸಿರು ಕಳೆದುಕೊಳ್ಳಬಹುದು. ತೂಗುವ ಬಟ್ಟೆಯ ಜೋಲಿ, ವಿದ್ಯುತ್ ತೂಗುಕುರ್ಚಿ, ಕಾರಿನ ಸೀಟು, ಎಲ್ಲಕ್ಕೂ ಇದೇ ಮಾತು. ಅಳುವ ಮಗುವನ್ನು ಸಮಾಧಾನಪಡಿಸಲು ಕಣ್ಣೆದುರಿಗೆ ತೂಗಿ, ಅಡ್ಡಿಯಿಲ್ಲ. ನಿದ್ರೆ ಹತ್ತಿದ ಮೇಲೆ ಸಮತಟ್ಟಾದ ಜಾಗಕ್ಕೆ ಬದಲಾಯಿಸಿ.

ನಿಮ್ಮ ಹಾಸಿಗೆಯಲ್ಲೇ ಮಲಗಿಸಿಕೊಳ್ಳುವ ವಿಚಾರ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೇಡವೆನ್ನುತ್ತದೆ; ಅದೇ ಕೋಣೆಯಲ್ಲಿ, ಆದರೆ ಬೇರೆ ಹಾಸಿಗೆಯಲ್ಲಿ, ಕನಿಷ್ಠ ಆರು ತಿಂಗಳು ಎಂಬುದು ಅದರ ಸಲಹೆ. ಆದರೂ ನಡುರಾತ್ರಿ ಹಾಲೂಡಿಸುತ್ತಾ ತೂಕಡಿಸದ ತಾಯಿಯಿಲ್ಲ. ಹಾಗಾಗಿ ಎಲ್ಲಿ ತೂಕಡಿಸುತ್ತೀರಿ ಎಂಬುದನ್ನೂ ಮೊದಲೇ ಯೋಚಿಸಿಡುವುದು ಪ್ರಾಮಾಣಿಕ. ಸೋಫಾ ಅತ್ಯಂತ ಕೆಟ್ಟ ಜಾಗ, ದೊಡ್ಡವರ ಮಂಚಕ್ಕಿಂತ ಎಷ್ಟೋ ಪಾಲು ಅಪಾಯಕರ. ನಿದ್ರೆ ಬರುವ ಲಕ್ಷಣವಿದ್ದರೆ ಸೋಫಾ ಬಿಟ್ಟು, ದಿಂಬು ಹೊದಿಕೆಗಳನ್ನು ದೂರ ಸರಿಸಿದ ಮಂಚದ ಮೇಲೆ ಕುಳಿತು ಹಾಲೂಡಿಸಿ, ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಮರಳಿಸಿ. ಮನೆಯಲ್ಲಿ ಯಾರಾದರೂ ಧೂಮಪಾನ ಮಾಡುತ್ತಿದ್ದರೆ, ಪಕ್ಕದಲ್ಲಿ ಮಲಗುವವರು ಮದ್ಯ ಅಥವಾ ಮಂಪರು ತರುವ ಔಷಧ ತೆಗೆದುಕೊಂಡಿದ್ದರೆ, ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಅಥವಾ ತೂಕ ಕಡಿಮೆಯಿದ್ದರೆ ಒಂದೇ ಹಾಸಿಗೆಯ ಮಾತೇ ಬೇಡ.

ಅಂದಮೇಲೆ ಮಗುವಿಗೆಂದು ಪ್ರತ್ಯೇಕ ಕೋಣೆಯನ್ನು ಸಿಂಗರಿಸುವ ಕೆಲಸ ಈಗಿನ ಪಟ್ಟಿಯಲ್ಲಿ ಇರಬೇಕಾಗಿಲ್ಲ. ಗೋಡೆಗೆ ಬಣ್ಣ ಹೊಡೆಸುವ ಆಸೆ ಅಷ್ಟೊಂದಿದ್ದರೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹೊಡೆಸಿ.

ಕಾರಿನ ಸೀಟು

ಆಸ್ಪತ್ರೆಯಿಂದ ಕಾರಿನಲ್ಲಿ ಬರುವವರು ಮಾತ್ರ ಇದನ್ನು ಓದಿದರೆ ಸಾಕು, ಆದರೆ ಅವರು ಓದಲೇಬೇಕು. ತೊಡೆಯ ಮೇಲೆ ಹಿಡಿದುಕೊಂಡ ಮಗು ಅಪಘಾತದ ಆ ಕ್ಷಣದಲ್ಲಿ ಕೈಯಲ್ಲಿ ಉಳಿಯುವುದಿಲ್ಲ, ಎಷ್ಟೇ ಬಲಿಷ್ಠ ತೋಳಾದರೂ.

ಇಲ್ಲಿರುವ ಮುಖ್ಯ ಆಯ್ಕೆ ಎರಡು. ಹಿಡಿಯಿರುವ, ಬುಟ್ಟಿಯಂತೆ ಹೊರತೆಗೆಯಬಹುದಾದ ಶಿಶು ಸೀಟು ಒಂದು. ಹುಟ್ಟಿನಿಂದ ಮೂರು ನಾಲ್ಕು ವರ್ಷದವರೆಗೂ ಬಳಸಬಹುದಾದ, ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಮುಖ ಮಾಡಿ ಕೂರಿಸುವ ಸೀಟು ಇನ್ನೊಂದು. ಎರಡನೆಯದರಲ್ಲಿ ಉಳಿತಾಯ ಕಾಣುತ್ತದೆ. ಆದರೆ ಅದರ ಅತಿ ಕೆಳಗಿನ ಪಟ್ಟಿಯೂ ಚಿಕ್ಕ ಶಿಶುವಿನ ಭುಜಕ್ಕಿಂತ ಮೇಲೆ ಬರುವುದುಂಟು, ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಾದರೋ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಹೊರಡಬೇಕು. ಮಗು ಸಣ್ಣದಾಗಿರಬಹುದು ಎಂದು ಸ್ಕ್ಯಾನ್ ಸೂಚಿಸಿದ್ದರೆ, ಬೇಗ ಹೆರಿಗೆಯಾಗುವ ಸಂಭವವಿದ್ದರೆ ಶಿಶು ಸೀಟೇ ಸರಿ. ಸ್ವಂತ ಕಾರಿಲ್ಲದೆ ಬಾಡಿಗೆ ಕಾರುಗಳಲ್ಲಿ ಓಡಾಡುವವರು, ತಳದ ಚೌಕಟ್ಟಿಲ್ಲದೆ ಬರೀ ಸೀಟ್ ಬೆಲ್ಟ್‌ನಿಂದ ಬಿಗಿಯಬಹುದಾದ ಶಿಶು ಸೀಟನ್ನು ಹುಡುಕಿ. ಸೀಟನ್ನು ಕಾರಿನ ಚೌಕಟ್ಟಿಗೇ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯಾಗಲಿ, ಬೆಲ್ಟ್ ಆಗಲಿ, ಸರಿಯಾಗಿ ಬಿಗಿದರೆ ಸುರಕ್ಷಿತ. ಕೊಂಡಿಯಲ್ಲಿ ತಪ್ಪಾಗುವ ಸಾಧ್ಯತೆ ಕಡಿಮೆ, ಅಷ್ಟೇ.

ಮಕ್ಕಳ ಕಾರ್ ಸೀಟುಗಳಿಗೆಂದು ಇರುವ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಮಗು 15 ತಿಂಗಳಾಗುವವರೆಗೆ ಹಿಂದಕ್ಕೇ ಮುಖ ಮಾಡಿ ಕೂರಬೇಕು; ಸೀಟಿನ ಮಿತಿ ಮುಗಿಯುವವರೆಗೆ ಹಾಗೆಯೇ ಇದ್ದರೆ ಇನ್ನೂ ಒಳ್ಳೆಯದು. ಗಾಳಿಚೀಲ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇದನ್ನು ಎಂದಿಗೂ ಇಡಬಾರದು. ಮಗು ಬರುವ ಮೊದಲೇ ಒಮ್ಮೆ ಗೊಂಬೆಯನ್ನು ಕೂರಿಸಿ ಪಟ್ಟಿ ಬಿಗಿದು ನೋಡಿ. ಭುಜದ ಬಳಿ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ಹಿಡಿಯಲು ಬರುತ್ತದೆಯೆಂದರೆ ಅದು ಸಡಿಲ.

ಬಳಸಿದ ವಸ್ತುಗಳನ್ನು ಪರಿಚಿತರಿಂದ ಪಡೆಯುವುದನ್ನು ನಾನು ಬಹುವಾಗಿ ಮೆಚ್ಚುತ್ತೇನೆ: ಬಟ್ಟೆ, ಟಬ್, ಹಾಲೂಡಿಸುವ ದಿಂಬು, ಎಲ್ಲವೂ ಆಗಬಹುದು. ಕಾರಿನ ಸೀಟನ್ನು ಮಾತ್ರ ಅದರ ಚರಿತ್ರೆ ಪೂರ್ತಿ ಗೊತ್ತಿದ್ದರಷ್ಟೇ ತೆಗೆದುಕೊಳ್ಳಿ. ಒಮ್ಮೆ ಅಪಘಾತ ಕಂಡ ಸೀಟಿನ ಬಿರುಕು ಕಣ್ಣಿಗೆ ಕಾಣಬೇಕೆಂದೇನಿಲ್ಲ, ಜೊತೆಗೆ ಬಳಕೆಯ ಅವಧಿಯೂ ಅದರ ಮೇಲೆ ಅಚ್ಚಾಗಿರುತ್ತದೆ. ಹಳೆಯ ಮಂಚಕ್ಕೂ ಈ ಎಚ್ಚರ ಬೇಕು. ಬದಿ ಕೆಳಗಿಳಿಯುವ ಮಾದರಿಗಳನ್ನು ಅಮೆರಿಕ 2011ರಲ್ಲೇ ಮಾರುಕಟ್ಟೆಯಿಂದ ಹೊರಹಾಕಿತು.

ಬಟ್ಟೆಯೋ, ಡೈಪರೋ

ಈ ಜಗಳದಲ್ಲಿ ಎರಡೂ ಪಕ್ಷದವರು ಅಗತ್ಯಕ್ಕಿಂತ ಜೋರಾಗಿ ಮಾತನಾಡುತ್ತಾರೆ. ಹಸುಗೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಬದಲಾಯಿಸಬೇಕಾಗುತ್ತದೆ. ಮೈಮೇಲೆ ಗುಳ್ಳೆ ಏಳುವುದು ಬಟ್ಟೆಯಿಂದಲೋ ಡೈಪರಿನಿಂದಲೋ ಎಂಬುದಕ್ಕಿಂತ, ಒದ್ದೆ ಎಷ್ಟು ಹೊತ್ತು ಚರ್ಮಕ್ಕೆ ತಾಗಿಕೊಂಡಿತ್ತು ಎಂಬುದರಿಂದ.

ಪರಿಸರದ ಲೆಕ್ಕವೂ ಜನ ಅಂದುಕೊಂಡಷ್ಟು ಏಕಪಕ್ಷೀಯವಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಗುವಿನ ಎರಡೂವರೆ ವರ್ಷದ ಬಳಕೆಗೆ ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಲೆಕ್ಕವಾದರೆ, ಸಾಮಾನ್ಯ ರೀತಿಯಲ್ಲಿ ಒಗೆದ ಬಟ್ಟೆಯದು ಸುಮಾರು 570 ಕಿಲೋ! ಆದರೆ ಯಂತ್ರ ತುಂಬುವಷ್ಟು ಸೇರಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಪಾಲು ಶೇಕಡ 40ರಷ್ಟು ಇಳಿಯುತ್ತದೆ. ಬಟ್ಟೆ ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ನಿಮ್ಮ ಬಟ್ಟೆ ಒಣಗಿಸುವ ಹಗ್ಗ.

ಮೊದಲ ವಾರದಲ್ಲಿ ಬಟ್ಟೆಗೆ ಒಂದು ಗುಣವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿರುವ ಸುಲಭ ದಾರಿ ಒದ್ದೆಯನ್ನು ಎಣಿಸುವುದು: ಐದನೆಯ ದಿನದಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ ಆರು ಸಲ. ಬಟ್ಟೆ ಒದ್ದೆಯಾದರೆ ಕೂಡಲೇ ಗೊತ್ತಾಗುತ್ತದೆ. ಡೈಪರ್ ಆ ಸ್ವಲ್ಪ ಮೂತ್ರವನ್ನು ಹೀರಿಕೊಂಡು ಒಣಗಿದಂತೆಯೇ ಇರುತ್ತದೆ, ಹಾಗಾಗಿ ಡೈಪರ್ ಆರಿಸುವವರು ಒದ್ದೆಯಾದಾಗ ಬಣ್ಣ ಬದಲಾಗುವ ಗೆರೆಯಿರುವುದನ್ನೇ ಕೊಳ್ಳಿ. ಅದಕ್ಕೆ ಎದುರಾಗಿ, ಮೊದಲ ಒಂದೆರಡು ದಿನದ ಮಲ ಕರಿಹಸಿರು ಬಣ್ಣದ ಅಂಟು. ಅದನ್ನು ಬಟ್ಟೆಯಿಂದ ತೊಳೆಯಹೊರಟರೆ ಬಾಣಂತಿಯ ಬಳಗಕ್ಕೆಲ್ಲ ಕೈಸೋಲು.

ಅದಕ್ಕೇ ಎರಡನ್ನೂ ಬೆರೆಸಿ ಬಳಸುವುದು ನನಗೆ ಒಪ್ಪಿಗೆ. ಆಸ್ಪತ್ರೆಯಲ್ಲಿ, ರಾತ್ರಿಯಲ್ಲಿ, ಪ್ರಯಾಣದಲ್ಲಿ ಡೈಪರ್. ಹಗಲಲ್ಲಿ, ಒಗೆಯಲು ಕೈ ಸಿಕ್ಕಾಗ ಬಟ್ಟೆ. ಪೂರ್ತಿ ಬಟ್ಟೆಯನ್ನೇ ನೆಚ್ಚುವುದಾದರೆ ಇಪ್ಪತ್ತು ಇಪ್ಪತ್ನಾಲ್ಕು ಬೇಕು. ಮೊದಲಿಗೆ ಸಾದಾ ಚೌಕ ಬಟ್ಟೆಯೇ ಲೇಸು, ಬೇಗ ಒಣಗುತ್ತದೆ, ಹೊಕ್ಕುಳ ಬಳ್ಳಿಯ ಕೆಳಗೆ ಬೇಕಾದಂತೆ ಮಡಚಬಹುದು. ಬಟ್ಟೆ ಮೆದುಗೊಳಿಸುವ ದ್ರಾವಣ ಹಾಕಬೇಡಿ, ಹೀರುವ ಗುಣ ಹೋಗುತ್ತದೆ. ನವಜಾತ ಅಳತೆಯ ಡೈಪರನ್ನು ರಾಶಿ ಕೊಳ್ಳುವುದೂ ಬೇಡ. ಒಂದು ಪೊಟ್ಟಣ ಸಾಕು. ಹುಟ್ಟಿದ ಮಗು ನಾಲ್ಕು ಕಿಲೋ ಇದ್ದರೆ ಅದೂ ಮಿಗಬಹುದು.

ಹಾಲೂಡಿಸುವ ಸಾಮಾನು: ಕಾಯಿರಿ

ಇಲ್ಲಿ ನನ್ನ ಸಲಹೆ ಬಹುಪಾಲು ಏನೂ ಕೊಳ್ಳಬೇಡಿ ಎಂಬುದೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಲಿ, ಮೊದಲ ಆರು ತಿಂಗಳು ಅದೊಂದೇ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ದಿನಗಳ ದಪ್ಪನೆಯ ಹಳದಿ ಹಾಲು ಒಂದು ಸಲಕ್ಕೆ ಬರುವುದೇ ಕೆಲವು ಮಿಲಿಲೀಟರ್. ಪಂಪ್ ಹಚ್ಚಿದರೆ ಅದು ಕೊಳವೆಗೆ ಮೆತ್ತಿಕೊಂಡು ಹೋಗುತ್ತದೆ, ಕೈಯಿಂದ ಹಿಂಡಿ ಚಮಚದಲ್ಲಿ ಹಿಡಿಯುವುದೇ ಮೇಲು. ಅದನ್ನು ಹೇಗೆ ಮಾಡುವುದೆಂದು ಆಸ್ಪತ್ರೆಯ ದಾದಿಯಿಂದ ಈಗಲೇ ಕೇಳಿ ತಿಳಿದಿರಿ.

ಪಂಪಿನ ಪ್ರಶ್ನೆ ಆಮೇಲೆ ಬರುತ್ತದೆ. ಅಪರೂಪಕ್ಕೊಮ್ಮೆ ಹೊರಗೆ ಹೋಗುವವರಿಗೆ ಕೈಯಲ್ಲಿ ಒತ್ತುವ ಪಂಪು ಸಾಕು, ಸದ್ದಿಲ್ಲ, ತೊಳೆಯಲು ಸುಲಭ. ಕೆಲಸಕ್ಕೆ ಬೇಗ ಮರಳುವವರಿಗೆ, ಅಥವಾ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದು ದಿನಕ್ಕೆ ಎಂಟು ಸಲ ಹಾಲು ತೆಗೆಯಬೇಕಾದವರಿಗೆ ಎರಡೂ ಬದಿಗೆ ಒಟ್ಟಿಗೆ ಹಚ್ಚುವ ವಿದ್ಯುತ್ ಪಂಪಿಲ್ಲದೆ ಆಗದು. ನಿಗಾ ಘಟಕದ ಸಂದರ್ಭದಲ್ಲಿ ಕೊಳ್ಳುವ ಮುನ್ನ ಬಾಡಿಗೆಗೆ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಮೊಲೆತೊಟ್ಟಿಗೆ ಕೂರುವ ಕವಚದ ಅಳತೆ ಹೆರಿಗೆಯ ನಂತರ ಬದಲಾಗುವುದುಂಟು, ಮೊದಲೇ ಕೊಳ್ಳದಿರಲು ಇದೂ ಒಂದು ಕಾರಣ.

ಡಬ್ಬಿಹಾಲು ಕೊಡಬೇಕಾಗಿ ಬಂದರೆ ತಿಳಿದಿರಬೇಕಾದ ವ್ಯತ್ಯಾಸ: ಕೂಡಲೇ ಕುಡಿಸಬಹುದಾದ ದ್ರವರೂಪದ್ದು ಕ್ರಿಮಿರಹಿತ, ಪುಡಿ ಅಲ್ಲ. ಆದ್ದರಿಂದ ಪುಡಿಯನ್ನು 70 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರಲ್ಲಿ ಕಲಸಿ, ಆರಿಸಿ ಕೊಡಬೇಕು. ಬಾಟಲಿಯ ಕ್ರಿಮಿ ಕೊಲ್ಲುವ ಹಬೆ ಯಂತ್ರ ಅನುಕೂಲವೇ ಹೊರತು ಅಗತ್ಯವಲ್ಲ, ಪಾತ್ರೆಯಲ್ಲಿ ಕುದಿಸಿದರೂ ಆಯಿತು.

ಹೊತ್ತುಕೊಳ್ಳುವುದೋ, ತಳ್ಳುವುದೋ

ತಳ್ಳುಗಾಡಿಯನ್ನು ಮುಂದೂಡಬಹುದು. ಕೊಂಡರೂ ಮೊದಲ ಆರು ತಿಂಗಳಿಗೆ ಪೂರ್ತಿ ಸಮತಟ್ಟಾಗುವುದೇ ಬೇಕು. ಮೆಟ್ಟಿಲಿಲ್ಲದ ಮನೆ, ನಡೆಯಲು ಒಳ್ಳೆಯ ಹಾದಿ ಇರುವವರಿಗೆ ಅದು ಕೆಲಸಕ್ಕೆ ಬರುತ್ತದೆ, ಇಲ್ಲದವರಿಗೆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಎದೆಗೆ ಕಟ್ಟಿಕೊಳ್ಳುವ ಉದ್ದ ಬಟ್ಟೆ ಮೊದಲ ದಿನದಿಂದ ಹೊಂದುತ್ತದೆ, ಕಟ್ಟಲು ಕಲಿಯಬೇಕು. ಕೊಂಡಿಗಳಿರುವ ಸಿದ್ಧ ಕ್ಯಾರಿಯರ್ ಕಟ್ಟುವುದು ಸುಲಭ, ಆದರೆ ಹಲವಕ್ಕೆ ಮೂರು ಕಿಲೋಗಿಂತ ಮೇಲಿನ ಕನಿಷ್ಠ ತೂಕ ನಿಗದಿಯಾಗಿರುತ್ತದೆ. ಯಾವುದಾದರೂ ಪರೀಕ್ಷೆ ಒಂದೇ: ಬಿಗಿಯಾಗಿರಬೇಕು, ಮಗುವಿನ ಮುಖ ಸದಾ ಕಾಣುತ್ತಿರಬೇಕು, ತಲೆ ಬಗ್ಗಿಸಿದರೆ ಅದರ ನೆತ್ತಿಗೆ ಮುತ್ತಿಡುವಷ್ಟು ಹತ್ತಿರವಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಬೆನ್ನಿಗೆ ಆಸರೆ ಇರಬೇಕು. ತೊಡೆಗಳು ಅಗಲವಾಗಿ, ಮೊಣಕಾಲು ಪೃಷ್ಠಕ್ಕಿಂತ ಮೇಲೆ ಬರುವಂತೆ ಕುಳಿತರೆ ಸೊಂಟದ ಕೀಲಿಗೂ ಹಿತ.

ಚಿಲ್ಲರೆ ವಸ್ತುಗಳಲ್ಲಿ ಒಂದನ್ನು ಮಾತ್ರ ಮರೆಯಬೇಡಿ: ಡಿಜಿಟಲ್ ಥರ್ಮಾಮೀಟರ್. ಕಿವಿಯಲ್ಲಿ ನೋಡುವುದು ಆರು ತಿಂಗಳೊಳಗಿನ ಮಕ್ಕಳಲ್ಲಿ ನಂಬಿಕೆಗೆ ಬಾರದು, ಪಾದರಸದ್ದು ಮನೆಯಲ್ಲೇ ಬೇಡ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಔಷಧ ಹುಡುಕುತ್ತಾ ಕೂರದೆ ನೇರ ವೈದ್ಯರ ಬಳಿಗೆ ಹೋಗಬೇಕು. ಸ್ನಾನದ ಟಬ್ಬಿಗೆ ಅವಸರವಿಲ್ಲ. ಹೊಕ್ಕುಳ ಬಳ್ಳಿ ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಗಿ, ಕುಲಾವಿ ಆರೇಳು ಜೊತೆ ಒಗೆದಿಡಿ. ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಿರಿ, ಮೈ ಅತಿಯಾಗಿ ಬಿಸಿಯೇರುತ್ತದೆ.

ಸಹಾಯಕ್ಕೆ ಯಾರು

ಮಂಚದ ಬಣ್ಣಕ್ಕೆ ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರು ಇದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ತಿರುಗುಮುರುಗಾಗಬೇಕು.

ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರಿರಬೇಕು ಎಂಬುದು ಮೊದಲನೆಯದು. 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ಮಹಿಳೆಯರ ಅನುಭವವನ್ನು ಒಟ್ಟುಗೂಡಿಸಿದ 2017ರ ಕೊಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಸಂಸ್ಥೆ) ವಿಮರ್ಶೆಯ ಪ್ರಕಾರ, ನೋವಿನುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತುಸು ಕುಗ್ಗುತ್ತದೆ. ಗಂಡನೋ, ತಾಯಿಯೋ, ಅಕ್ಕನೋ, ತರಬೇತಾದ ಸಹಾಯಕಿಯೋ? ಸಂಬಂಧದ ಹತ್ತಿರಕ್ಕಿಂತ, ರಕ್ತ ನೋಡಿ ಕಂಗೆಡದೆ, ತನ್ನ ಭಯವನ್ನು ನಿಮ್ಮ ಮೇಲೆ ಹೇರದೆ ಹತ್ತು ಹನ್ನೆರಡು ಗಂಟೆ ನಿಲ್ಲಬಲ್ಲವರು ಯಾರು ಎಂದು ನೋಡಿ. ಎಷ್ಟು ಜನರನ್ನು ಒಳಗೆ ಬಿಡುತ್ತಾರೆ ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲೇ ಕೇಳಿ.

ಮನೆಗೆ ಬಂದ ಮೇಲೆ ಎರಡು ಬಗೆಯ ಸಹಾಯ ಸಿಗುತ್ತದೆ: ಮಗುವನ್ನು ಎತ್ತಿಕೊಳ್ಳುವವರದು, ಮನೆಗೆಲಸ ಮಾಡುವವರದು. ಮೊದಲನೆಯದಕ್ಕೆ ಕೊರತೆಯೇ ಇರುವುದಿಲ್ಲ. ನಿಮಗೆ ಬೇಕಾದದ್ದು ಎರಡನೆಯದು. ಅಡುಗೆ, ಒಗೆತ, ಬಾಗಿಲು ತೆರೆದು ಬಂದವರನ್ನು ಮಾತನಾಡಿಸುವುದು, ಇವನ್ನು ಯಾರಾದರೂ ವಹಿಸಿಕೊಂಡರೆ ತಾಯಿ ಮಗು ಒಬ್ಬರನ್ನೊಬ್ಬರು ಕಲಿಯಲು ಹೊತ್ತು ಸಿಗುತ್ತದೆ. ರಾತ್ರಿಯ ಪಾಳಿಯನ್ನು ಗಂಡ ಹೆಂಡತಿ ಈಗಲೇ ಮಾತನಾಡಿ ಹಂಚಿಕೊಳ್ಳಿ. ನಿದ್ರೆಗೆಟ್ಟ ಮೂರನೆಯ ರಾತ್ರಿ ಆ ಮಾತುಕತೆ ನಡೆಯುವಂಥದ್ದಲ್ಲ. ಕೆಮ್ಮು ನೆಗಡಿಯಿರುವವರು ಬರುವುದು ಬೇಡವೆಂದು ಹೇಳುವ ಹೊಣೆಯೂ ಒಬ್ಬರಿಗಿರಲಿ, ಅದು ಬಾಣಂತಿಯದ್ದಾಗಬಾರದು.

ಮೂರನೆಯ ದಿನದಿಂದ ಐದನೆಯ ದಿನದ ಆಸುಪಾಸಿನಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಸಾಮಾನ್ಯ. ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಮತ್ತು ಚಿಕಿತ್ಸೆ ಇದೆ. ಅದನ್ನು ನಾಚಿಕೆಯಿಲ್ಲದೆ ಯಾರಿಗೆ ಹೇಳಿಕೊಳ್ಳಬಲ್ಲಿರಿ ಎಂದು ಈಗಲೇ ಗೊತ್ತುಮಾಡಿಕೊಂಡಿರಿ. ಗಂಡನಿಗೂ ಈ ಗಡುವು ತಿಳಿದಿರಲಿ.

ಆಸ್ಪತ್ರೆಯ ಚೀಲ

ಒಂದು ದೊಡ್ಡ ಚೀಲಕ್ಕಿಂತ ಎರಡು ಚಿಕ್ಕವು ಮೇಲು. ಮೊದಲನೆಯದರಲ್ಲಿ ಹೆರಿಗೆ ಕೋಣೆಗೆ ಬೇಕಾದದ್ದು: ತಪಾಸಣೆಯ ಕಡತ, ಗುರುತಿನ ಚೀಟಿ, ಉದ್ದ ತಂತಿಯ ಚಾರ್ಜರ್, ಸಡಿಲ ಉಡುಪು, ಮಗುವಿಗೆ ಒಂದು ಜೊತೆ ಬಟ್ಟೆ. ಎರಡನೆಯದು ಹೆರಿಗೆಯ ನಂತರಕ್ಕೆ: ದಪ್ಪ ಪ್ಯಾಡ್‌ಗಳು, ಮುಂದೆ ಬಿಚ್ಚುವ ಅಂಗಿಗಳು, ಸೊಂಟದ ಮೇಲೆ ನಿಲ್ಲುವ ಒಳಉಡುಪು, ಅದು ಸಿಸೇರಿಯನ್ ಗಾಯಕ್ಕೆ ತಾಗುವುದಿಲ್ಲ. ಜೊತೆಗೆ ಬರುವವರೇ ಚೀಲ ತುಂಬಲಿ. ಇಲ್ಲವಾದರೆ ಬೇಕಾದ ವಸ್ತು ಎಲ್ಲಿದೆಯೆಂದು ನೋವಿನ ನಡುವೆ ನಿಮ್ಮನ್ನೇ ಕೇಳುತ್ತಾರೆ.

ಯಾವಾಗ ಹೊರಡಬೇಕು ಎಂಬುದಕ್ಕೆ ಮೊದಲ ಹೆರಿಗೆಯವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಐದು ನಿಮಿಷಕ್ಕೊಮ್ಮೆ ಬರುವ, ಒಂದು ನಿಮಿಷ ಇರುವ ನೋವು ಒಂದು ಗಂಟೆ ಮುಂದುವರಿದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಇನ್ನೂ ಮೊದಲು. ನೀರು ಒಡೆದರೆ, ರಕ್ತ ಕಂಡರೆ, ತಲೆ ಸಿಡಿಯುತ್ತಿದ್ದು ಕಣ್ಣು ಮಂಜಾದರೆ, ಮಗುವಿನ ಅಲುಗಾಟ ದಿನದಂತಿಲ್ಲ ಎನ್ನಿಸಿದರೆ ಆ ಲೆಕ್ಕ ಅನ್ವಯಿಸುವುದಿಲ್ಲ. ನೋವಿರಲಿ ಇಲ್ಲದಿರಲಿ, ಹಗಲಾಗಲಿ ರಾತ್ರಿಯಾಗಲಿ, ಆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.